ಹತ್ತಿರವೂ ದೂರವೂ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಹತ್ತಿರ ಹೋಗಿ ನೋಡಿದರೆ ಕಲ್ಲೂ ಮುಳ್ಳೂ ಕಾಣುತ್ತವೆ ಎಂಬುದು ಅದರ ಇಂಗಿತ. ಆದರೆ ಕಾಲಕೆಳಗಿನ ಕಲ್ಲುಮುಳ್ಳುಗಳಲ್ಲೇ ಕಣ್ಣು ನೆಟ್ಟವನಿಗೆ ಬೆಟ್ಟವೇ ಕಾಣುವುದಿಲ್ಲ ಎಂಬ ಮಾತಿನ ಇನ್ನೊಂದು ಅರ್ಧವನ್ನು ಗಾದೆ ಕಟ್ಟಿದ ಹಿರಿಯರು ಹೇಳದೆ ಬಿಟ್ಟರು. ಹತ್ತಿರದ್ದನ್ನೂ ದೂರದ್ದನ್ನೂ ಒಂದೇ ನೋಟದಲ್ಲಿ, ಒಂದೇ ಸ್ಪಷ್ಟತೆಯಿಂದ ಹಿಡಿಯಲು ಸಾಧ್ಯವೆ? ಸಾಧ್ಯವಾದರೆ ಅದಕ್ಕೆ ನಾವು ತೆರಬೇಕಾದ ಬೆಲೆ ಏನು? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಯಾವ ತತ್ತ್ವಶಾಸ್ತ್ರದ ಗ್ರಂಥದಿಂದಲೂ ಅಲ್ಲ. ಮೇಜಿನ ಗಾಜಿನ ಕೆಳಗೆ ಮೂವತ್ತು ವರ್ಷಗಳಿಂದ ಬಿದ್ದಿರುವ ಒಂದು ಫೋಟೋದಿಂದ.

ಆ ಫೋಟೋ ತೆಗೆದದ್ದು 1993ರ ಅಕ್ಟೋಬರಿನಲ್ಲಿ, ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ. ಅಲ್ಲಿ ನನ್ನ ಸೋದರತ್ತೆಯ ಮನೆ. ಊರ ಅಂಚಿನ ಮನೆ. ಅಂಗಳದಲ್ಲಿ ಒಂದು ಬೇವಿನ ಮರ, ಅದರ ಬುಡಕ್ಕೆ ಕಲ್ಲಿನ ಕಟ್ಟೆ. ಕಟ್ಟೆಯ ಆಚೆಗೆ ಎರೆಯ ಹೊಲ, ಹೊಲದ ಬದುವಿನಲ್ಲಿ ಬಳ್ಳಾರಿ ಜಾಲಿಯ ಪೊದೆ, ಅದರ ಪಕ್ಕದಲ್ಲಿ ಸುಣ್ಣ ಬಳಿದ ಒಂದು ಸಣ್ಣ ಗದ್ದುಗೆ. ಮಾವನನ್ನು ಅಲ್ಲಿಯೇ ಮಣ್ಣು ಮಾಡಿದ್ದರು. ಮನೆಯ ಬಾಗಿಲಲ್ಲಿ ನಿಂತರೆ ಒಂದು ಕೂಗಳತೆಯ ದೂರದಲ್ಲಿ ಅದು ಬೆಳ್ಳಗೆ ಕಾಣುತ್ತಿತ್ತು.

ನನ್ನ ಹೆಗಲಿನ ಕ್ಯಾಮರಾ ನೋಡಿ ಅತ್ತೆ, “ಒಂದು ಫೋಟೋ ತೆಗಿಯಪ್ಪಾ” ಅಂದಳು. ಕಟ್ಟೆಯ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. ಆಮೇಲೆ ಹಿಂದಿರುಗಿ ಹೊಲದ ಕಡೆ ನೋಡಿ ಒಂದು ಮಾತು ಸೇರಿಸಿದಳು: “ನಾನೂ ಕಾಣ್ಬೇಕು, ಅಲ್ಲಿ ನಿಮ್ಮ ಮಾವ ಇರೋ ಜಾಗಾನೂ ಕಾಣ್ಬೇಕು. ಎರಡೂ ಒಂದ್ರಾಗ ಬರ್ತಾವೇನು?”

“ಬರುತ್ತವೆ ಅತ್ತೆ, ಯಾಕೆ ಬರುವುದಿಲ್ಲ?” ಎಂದೆ.

ಹಾಗೆ ಹೇಳಲು ನನಗೆ ಆಧಾರವಿತ್ತು. ಛಾಯಾಗ್ರಹಣದ ಹವ್ಯಾಸ ಇಟ್ಟುಕೊಂಡವರಿಗೆ ಇದು ಮೊದಲ ಪಾಠಗಳಲ್ಲಿ ಒಂದು. ಆ ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಮಸೂರವು ಒಂದೇ ಒಂದು ದೂರದಲ್ಲಿರುವ ವಸ್ತುವನ್ನು ಮಾತ್ರ ನಿಜವಾಗಿ ಸ್ಫುಟವಾಗಿ ಮೂಡಿಸಬಲ್ಲದು. ಅದಕ್ಕಿಂತ ಹತ್ತಿರದ್ದು, ಅದಕ್ಕಿಂತ ದೂರದ್ದು ಮಸುಕಾಗುತ್ತ ಹೋಗುತ್ತವೆ. ಬೆಳಕು ಒಳಬರುವ ಕಿಂಡಿಯನ್ನು ಹಿಗ್ಗಿಸಿದರೆ ಮಸುಕು ಹೆಚ್ಚು, ಕುಗ್ಗಿಸಿದರೆ ಕಡಿಮೆ. ನನ್ನದು ಐವತ್ತು ಮಿಲಿಮೀಟರಿನ ಸಾಧಾರಣ ಮಸೂರ. ಅದರ ಕಿಂಡಿಯನ್ನು ಪೂರ್ತಿ ತೆರೆದರೆ, ಎಂದರೆ ಎಫ್/2ರಲ್ಲಿ, ಅದು ಆಗಿನ ಒಂದು ರೂಪಾಯಿ ನಾಣ್ಯದಷ್ಟು ಅಗಲ. ಆಗ ಮೂರು ಮೀಟರು ದೂರ ಕೂತ ಮನುಷ್ಯನ ಮೇಲೆ ನೆಲೆ ಹಿಡಿದರೆ ಸ್ಫುಟವಾಗಿ ಬರುವ ಜಾಗದ ಆಳ ಸುಮಾರು ಒಂದು ಮೊಳ ಮಾತ್ರ. ಅತ್ತೆಯ ಮುಖ ಬರುತ್ತಿತ್ತು. ಮಾವನ ಗದ್ದುಗೆ ಒಂದು ಬಿಳಿಯ ಹೊಗೆಯಾಗುತ್ತಿತ್ತು. ಅದೇ ಕಿಂಡಿಯನ್ನು ಎಫ್/16ಕ್ಕೆ ಇಳಿಸಿದರೆ ಅದು ಜೋಳದ ಕಾಳಿಗಿಂತ ಚಿಕ್ಕದಾಗುತ್ತದೆ. ಆಗ ಸುಮಾರು ಐದೂಕಾಲು ಮೀಟರಿಗೆ ನೆಲೆ ಹಿಡಿದು ಬಿಟ್ಟರೆ ಸಾಕು. ಎರಡೂವರೆ ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಕಣ್ಣು ಒಪ್ಪುವಷ್ಟು ಸ್ಫುಟವಾಗಿ ಬರುತ್ತದೆ. ಅತ್ತೆಯೂ ಬರುತ್ತಾಳೆ, ಗದ್ದುಗೆಯೂ ಬರುತ್ತದೆ.

ಆದರೆ ಕ್ಯಾಮರಾ ಯಾವ ಉಪಕಾರವನ್ನೂ ಪುಕ್ಕಟೆ ಮಾಡುವುದಿಲ್ಲ. ಎಫ್/2ರಿಂದ ಎಫ್/16ಕ್ಕೆ ಇಳಿದರೆ ಒಳಬರುವ ಬೆಳಕು ಅರುವತ್ತನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಕಡಮೆಯಾದ ಬೆಳಕನ್ನು ಕಾಲದಿಂದ ತುಂಬಿಕೊಡಬೇಕು. ಹೊತ್ತು ಮುಳುಗುತ್ತಿದ್ದ ಆ ಗಳಿಗೆಯಲ್ಲಿ, ಬೇವಿನ ನೆರಳಿನಲ್ಲಿ, ತೆರೆದ ಕಿಂಡಿಗೆ ಒಂದು ಸೆಕೆಂಡಿನ ಇನ್ನೂರೈವತ್ತನೆಯ ಒಂದು ಭಾಗ ಸಾಕಾಗಿದ್ದರೆ, ಕುಗ್ಗಿಸಿದ ಕಿಂಡಿಗೆ ಕಾಲು ಸೆಕೆಂಡು ಬೇಕಾಯಿತು. ಒಂದು ಸ್ಟೂಲು ತರಿಸಿ, ಅದರ ಮೇಲೆ ದಪ್ಪನೆಯ ಎರಡು ಲೆಕ್ಕದ ಪುಸ್ತಕಗಳನ್ನಿಟ್ಟು, ಅದರ ಮೇಲೆ ಕ್ಯಾಮರಾ ಕೂಡಿಸಿದೆ. “ಅಲುಗಾಡಬೇಡ ಅತ್ತೆ” ಎಂದೆ. ಅವಳು ಸೆರಗಿನೊಳಗಿದ್ದ ಕೈಗಳನ್ನು ಹೊರತೆಗೆದು ಮೊಳಕಾಲ ಮೇಲಿಟ್ಟುಕೊಂಡು, ದೇವರ ಮುಂದೆ ಕೂತವಳಂತೆ ಕೂತಳು. ಗುಂಡಿ ಒತ್ತಿದೆ.

ಹದಿನೈದು ದಿನಗಳ ಮೇಲೆ ಬೆಂಗಳೂರಿನಲ್ಲಿ ಪ್ರತಿ ಕೈಗೆ ಬಂತು. ನನ್ನ ಲೆಕ್ಕ ತಪ್ಪಿರಲಿಲ್ಲ. ಕಟ್ಟೆಯ ಕಲ್ಲಿನ ಉಳಿಯ ಗೀರುಗಳು ಎಣಿಸುವಂತಿದ್ದವು. ಅತ್ತೆಯ ಹಣೆಯ ಗೆರೆಗಳಿದ್ದವು. ದೂರದ ಜಾಲಿಯ ಕೊಂಬೆಗಳಿದ್ದವು; ಗದ್ದುಗೆಯ ಅಂಚು ಚಾಕುವಿನಿಂದ ಕೊರೆದಂತಿತ್ತು. ಮಸುಕಾದದ್ದು ಒಂದೇ: ಅತ್ತೆಯ ಕೈಗಳು. ಮೊಳಕಾಲ ಮೇಲೆ ಎರಡು ಹಿಡಿ ಮಂಜು ಕೂತ ಹಾಗೆ.

ಅವಳ ಕೈ ನಡುಗುತ್ತಿತ್ತು. ಇದು ನನಗೆ ತಿಳಿಯದ ಸಂಗತಿಯಲ್ಲ. ಆ ಸಂಜೆಯೇ ಅವಳು ಹೇಳಿದ್ದಳು: “ಕೈ ಯಾಕೋ ನಿಂದ್ರವಲ್ಲದು. ಚಾ ಕುಡಿಯಾಕೂ ಇನ್ನೊಬ್ಬರು ಹಿಡೀಬೇಕು. ಬಳ್ಳಾರಿಗೆ ಒಮ್ಮೆ ತೋರಿಸ್ಬೇಕು ನೋಡು.” ನಾನು, “ದೀಪಾವಳಿಗೆ ಬಂದಾಗ ಖಂಡಿತ ಕರೆದುಕೊಂಡು ಹೋಗುತ್ತೇನೆ” ಎಂದಿದ್ದೆ. ಮರುದಿನ ಬೆಳಿಗ್ಗೆ ನಾನು ಹೊರಟದ್ದು ಬಳ್ಳಾರಿಗೇ.

ಇಲ್ಲಿ ಓದುಗರು ನನ್ನನ್ನು ಬೈಯುವ ಮೊದಲು ಇನ್ನೊಂದು ವಿಷಯವನ್ನೂ ಹೇಳಬೇಕು. ಆ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದಾಗ, ಮಹಾರಾಷ್ಟ್ರದ ಲಾತೂರು, ಉಸ್ಮಾನಾಬಾದು ಜಿಲ್ಲೆಗಳಲ್ಲಿ ಭೂಮಿ ನಡುಗಿತ್ತು. ಕಿಲ್ಲಾರಿಯೂ ಸುತ್ತಲಿನ ಹಳ್ಳಿಗಳೂ ನೆಲಸಮವಾಗಿ, ಕಲ್ಲುಮಣ್ಣಿನ ಭಾರದ ಗೋಡೆಗಳ ಕೆಳಗೆ ಸಾವಿರಾರು ಜನ ಸತ್ತಿದ್ದರು. ನಾವು ಕೆಲವು ಗೆಳೆಯರು ಸೇರಿ ಅಕ್ಕಿ, ಜೋಳ, ಬಟ್ಟೆ ಕೂಡಿಸುತ್ತಿದ್ದೆವು. ಸಿರುಗುಪ್ಪದ ಕಡೆ ಅಕ್ಕಿ ಗಿರಣಿಗಳು ಬಹಳ. ಆ ಕೆಲಸಕ್ಕಾಗಿಯೇ ನಾನು ಅಲ್ಲಿಗೆ ಬಂದದ್ದು. ಒಂದು ರಾತ್ರಿ ಅತ್ತೆಯ ಮನೆಯಲ್ಲಿ ಇದ್ದದ್ದು ದಾರಿಯ ಮೇಲಿನ ತಂಗು. ಅತ್ತೆಯೂ ಒಂದು ಚೀಲ ಜೋಳ ಕೊಟ್ಟಿದ್ದಳು. ಬಳ್ಳಾರಿಯಲ್ಲಿ ಲಾರಿ ಕಾದಿತ್ತು. ಸೂರಿಲ್ಲದೆ ಬಯಲಿನಲ್ಲಿ ಕೂತಿದ್ದವರ ಮುಂದೆ ಒಂದು ಮುದುಕಿಯ ಕೈನಡುಕ ಯಾವ ಲೆಕ್ಕ ಎಂದು ನನಗೆ ಆಗ ತೋರಿತ್ತು. ಈಗಲೂ ಆ ತೂಕ ತಪ್ಪೆಂದು ನಾನು ಧೈರ್ಯವಾಗಿ ಹೇಳಲಾರೆ.

ದೀಪಾವಳಿಗೆ ನಾಲ್ಕು ದಿನ ಮುಂಚೆ ಅತ್ತೆ ಜ್ವರ ಬಂದು ತೀರಿಕೊಂಡಳು. ಕೈನಡುಕಕ್ಕೂ ಆ ಜ್ವರಕ್ಕೂ ಸಂಬಂಧವಿರಲಿಲ್ಲ. ಬಳ್ಳಾರಿಗೆ ಕರೆದೊಯ್ದಿದ್ದರೆ ಅವಳು ಬದುಕುತ್ತಿದ್ದಳೆಂದು ನಾನು ಹೇಳುತ್ತಿಲ್ಲ. ನನ್ನನ್ನು ಕಾಡುವುದು ಬೇರೆ ಸಂಗತಿ. ಫೋಟೋದ ಪ್ರತಿ ನೋಡಿದಾಗ ನನಗೆ ಮೊದಲು ಏನೆನ್ನಿಸಿತ್ತು ಗೊತ್ತೆ? “ಛೆ, ಕೈ ಕೆಟ್ಟಿತಲ್ಲ, ದೀಪಾವಳಿಗೆ ಹೋದಾಗ ಬಿಸಿಲಿನಲ್ಲಿ ಕೂಡಿಸಿ ಇನ್ನೊಂದು ತೆಗೆಯಬೇಕು” ಎಂದು. ಅವಳ ಕಷ್ಟ ನನ್ನ ಚಿತ್ರದ ದೋಷವಾಗಿ ಕಂಡಿತ್ತು.

ಹತ್ತಿರದವರ ಋಣ ದೊಡ್ಡದೋ ದೂರದವರ ಋಣ ದೊಡ್ಡದೋ ಎಂಬ ವಾದ ಹಳೆಯದು. ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯಾದ ತತ್ತ್ವಜ್ಞಾನಿ, 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ನಮ್ಮ ದೇಶಕ್ಕೆ ಹರಿದು ಬಂದ ಕಾಲದಲ್ಲಿ ಯೋಚಿಸಿ, 1972ರಲ್ಲಿ ಪ್ರಕಟಿಸಿದ ಒಂದು ಲೇಖನ ಈ ವಾದದ ಒಂದು ತುದಿ. ಕಣ್ಣೆದುರಿನ ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೊಳೆಯಾದೀತೆಂದು ನೀವು ಹಿಂಜರಿಯುತ್ತೀರಾ? ಇಲ್ಲ. ಹಾಗಾದರೆ ಸಾವಿರಾರು ಮೈಲಿ ದೂರದಲ್ಲಿ ಸಾಯುತ್ತಿರುವ ಮಗುವಿನ ವಿಷಯದಲ್ಲಿ ಏಕೆ ಹಿಂಜರಿಕೆ? ದೂರ ಎಂಬುದು ಕಣ್ಣಿನ ಸಂಗತಿ, ಧರ್ಮದ ಸಂಗತಿಯಲ್ಲ ಎಂಬುದು ಅವರ ವಾದದ ಸಾರ. ಇನ್ನೊಂದು ತುದಿಯಲ್ಲಿ ಡಿಕನ್ಸನ ‘ಬ್ಲೀಕ್ ಹೌಸ್’ ಕಾದಂಬರಿಯ ಮಿಸೆಸ್ ಜೆಲಿಬಿ ನಿಂತಿದ್ದಾಳೆ. ಆಫ್ರಿಕದ ಜನರ ಉದ್ಧಾರಕ್ಕೆ ಹಗಲಿರುಳೂ ಕಾಗದ ಬರೆಯುವ ಆ ಮಹಾತಾಯಿಗೆ, ತನ್ನ ಮಕ್ಕಳು ಮೆಟ್ಟಿಲಿನಿಂದ ಉರುಳಿ ಬಿದ್ದದ್ದೂ ತಿಳಿಯುವುದಿಲ್ಲ. ನಮ್ಮವರು ಇದನ್ನು ಹೇಳಲು ಕಾದಂಬರಿ ಬರೆಯಲಿಲ್ಲ; ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂದು ನಾಲ್ಕೇ ಮಾತಿನಲ್ಲಿ ಮುಗಿಸಿದರು.

ಈ ಗಾದೆಯನ್ನು ನನಗೇ ಹೇಳಿಕೊಂಡು ಎಷ್ಟೋ ಸಲ ಸುಮ್ಮನಾಗಿದ್ದೇನೆ. ಆದರೆ ಗಾದೆಯಿಂದ ಪ್ರಶ್ನೆ ತೀರುವುದಿಲ್ಲ. ಪ್ರತಿಯೊಬ್ಬನೂ ತನ್ನ ಒಂದು ಮೊಳದ ಆಳದಲ್ಲಿ ಇರುವವರನ್ನೇ ನೋಡಿಕೊಳ್ಳುವುದಾದರೆ, ಆ ಮೊಳದೊಳಗೆ ಯಾರೂ ಇಲ್ಲದವರ ಗತಿಯೇನು? ಬಳ್ಳಾರಿ ಸೀಮೆಯವರಿಗೆ ಈ ಪ್ರಶ್ನೆ ಹೊಸದಲ್ಲ. 1876ರಿಂದ 78ರವರೆಗೆ, ಧಾತು, ಈಶ್ವರ ಸಂವತ್ಸರಗಳಲ್ಲಿ, ಮದರಾಸು ಪ್ರಾಂತದಲ್ಲಿ ಕಂಡು ಕೇಳರಿಯದ ಬರ ಬಿದ್ದಿತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆಗ ಹತ್ತಿರದವರು ಹತ್ತಿರದವರಿಗೆ ಏನು ಮಾಡಬಲ್ಲವರಾಗಿದ್ದರು? ಎಲ್ಲರ ಕಣಜವೂ ಒಟ್ಟಿಗೇ ಬರಿದಾಗಿತ್ತು. ಹಡಗು ದಾಟಿ ಬರಬೇಕಾದಷ್ಟು ದೂರದಲ್ಲಿದ್ದ ಲಂಡನ್ನಿನಲ್ಲಿ, ನಗರದ ಮೇಯರನ ನೇತೃತ್ವದಲ್ಲಿ, ಎಂದೂ ನೋಡದ ಜನರಿಗಾಗಿ ಲಕ್ಷಗಟ್ಟಲೆ ಪೌಂಡು ಹಣ ಕೂಡಿಸಿ ಕಳಿಸಿದರು. ನಮ್ಮ ಮುತ್ತಜ್ಜಂದಿರು ಯಾರದೋ ದೃಷ್ಟಿಯಲ್ಲಿ ದಿಗಂತದ ಒಂದು ಚುಕ್ಕೆಯಾಗಿದ್ದರು. ಆ ಚುಕ್ಕೆಯೂ ಸ್ಫುಟವಾಗಿ ಕಂಡಿತು.

ಅದೇ ಬರದಲ್ಲಿ ದೂರದ ನೋಟದ ಇನ್ನೊಂದು ಮುಖವೂ ಇದೆ. ಸರ್ಕಾರದ ಖರ್ಚು ಮಿತಿಮೀರದಂತೆ ನೋಡಿಕೊಳ್ಳಲು ಬಂದ ಸರ್ ರಿಚರ್ಡ್ ಟೆಂಪಲ್, ಬರಗಾಲದ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ, ಅದರ ಮೇಲೆ ಚಿಲ್ಲರೆ ಕಾಸು ಸಾಕೆಂದು 1877ರಲ್ಲಿ ಗೊತ್ತುಮಾಡಿದ. ಇಡೀ ಪ್ರಾಂತವನ್ನು ಒಂದೇ ಹಾಳೆಯ ಮೇಲೆ ಸಮನಾಗಿ ನೋಡಿ ಹಾಕಿದ ಲೆಕ್ಕ ಅದು. ಕಲ್ಲು ಹೊರುತ್ತಿದ್ದವನ ತೋಳಿಗೆ ಅಷ್ಟು ಧಾನ್ಯ ಸಾಲದೆಂದು ಹತ್ತಿರ ನಿಂತಿದ್ದ ವೈದ್ಯರು ಕೂಗಿ ಹೇಳಬೇಕಾಯಿತು. ದಾನಿಯೂ ದೂರದಿಂದ ನೋಡಿದ, ಅಧಿಕಾರಿಯೂ ದೂರದಿಂದ ನೋಡಿದ. ಆದ್ದರಿಂದ ದೂರದ ನೋಟ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವಂತಿಲ್ಲ.

ಎಲ್ಲವನ್ನೂ ಸಮನಾಗಿ ಸ್ಫುಟಗೊಳಿಸುವ ನೋಟ ಎಲ್ಲಿ ಎಡವುತ್ತದೆ ಎಂಬುದನ್ನು ಛಾಯಾಗ್ರಹಣದ ಚರಿತ್ರೆ ಅದರ ಮೊದಲ ದಿನಗಳಲ್ಲೇ ತೋರಿಸಿಕೊಟ್ಟಿದೆ. 1838ರಲ್ಲಿ ಡಾಗೆರ್ ಎಂಬಾತ ಪ್ಯಾರಿಸ್ ನಗರದ ಒಂದು ಬೀದಿಯ ಚಿತ್ರ ತೆಗೆದ. ಮನೆಗಳು, ಮರಗಳು, ಚಿಮಣಿಗಳು ಎಲ್ಲವೂ ಅದರಲ್ಲಿವೆ. ಗಾಡಿ, ಕುದುರೆ, ಜನರಿಂದ ಗಿಜಿಗುಟ್ಟುತ್ತಿದ್ದ ಬೀದಿ ಮಾತ್ರ ಬರಿದು! ಚಿತ್ರ ಮೂಡಲು ನಿಮಿಷಗಳೇ ಬೇಕಾಗಿದ್ದರಿಂದ ಓಡಾಡುತ್ತಿದ್ದವರಾರೂ ಅಚ್ಚಾಗಲಿಲ್ಲ. ಬೂಟಿಗೆ ಪಾಲಿಶ್ ಮಾಡಿಸಿಕೊಳ್ಳಲು ಒಂದೆಡೆ ನಿಂತಿದ್ದ ಒಬ್ಬ ಮನುಷ್ಯ ಮಾತ್ರ ಉಳಿದುಕೊಂಡ. ಬೀದಿಯಲ್ಲಿ ಜನರೇ ಇರಲಿಲ್ಲವೆಂದು ಆ ಚಿತ್ರ ಸಾಕ್ಷಿ ಹೇಳುತ್ತದೆ, ಅದರ ಒಂದೊಂದು ಹೆಂಚೂ ನಿಜವಾಗಿರುವಾಗ.

ನಮ್ಮ ಕಡೆಯ ಉದಾಹರಣೆಯೂ ಇದೆ. 1856ರಲ್ಲಿ, ಆಗ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹಂಪೆಯಲ್ಲಿ, ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಕಾಗದದ ನೆಗೆಟಿವ್‌ಗಳ ಮೇಲೆ ಪಾಳು ದೇಗುಲಗಳನ್ನು ಹಿಡಿದ. ಕಾಗದದ ನೆಗೆಟಿವ್ ಎಂದರೆ ಬೆಳಕಿಗಾಗಿ ನಿಮಿಷಗಟ್ಟಲೆ ಕಾಯುವ ಕೆಲಸ. ಕಾಯುವ ತಾಳ್ಮೆ ಹಂಪೆಯ ಬಂಡೆಗಳಿಗೆ ಇತ್ತು. 1983ರಲ್ಲಿ ಜಾನ್ ಗೊಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕರು ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ನೂರಿಪ್ಪತ್ತೇಳು ವರ್ಷಗಳ ಮೇಲೂ ಕಲ್ಲಿಗೆ ಕಲ್ಲು ಹೋಲಿಸಿ ನೋಡುವಂತಾಯಿತು. ಮುಂದೆ 1932ರಲ್ಲಿ ಅಮೆರಿಕದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಸೇರಿ ಒಂದು ಕೂಟವನ್ನೇ ಕಟ್ಟಿ, ಅತಿ ಸಣ್ಣ ಕಿಂಡಿಯ ಗುರುತಾದ ಎಫ್/64 ಎಂಬುದನ್ನೇ ಅದಕ್ಕೆ ಹೆಸರಾಗಿಟ್ಟರು. ಮುಂದಿನ ಕಲ್ಲಿನಿಂದ ಹಿಂದಿನ ಪರ್ವತದವರೆಗೆ ಎಲ್ಲವೂ ಸ್ಫುಟ. ಆ ಚಿತ್ರಗಳ ಮುಂದೆ ನಿಂತವನಿಗೆ ಒಂದು ಬಗೆಯ ನ್ಯಾಯದ ಅನುಭವವಾಗುತ್ತದೆ. ಬೆಟ್ಟ, ಬಂಡೆ, ಮೆಣಸಿನಕಾಯಿ, ಮರಳ ದಿಬ್ಬ ಇಂಥ ನಿಶ್ಚಲ ವಸ್ತುಗಳು ಅವರಿಗೆ ಪ್ರಿಯವಾದದ್ದು ಏಕೆಂದು ಅತ್ತೆಯ ಕೈ ನೋಡಿದ ಮೇಲೆ ನನಗೆ ಹೊಳೆಯಿತು.

ಸಣ್ಣ ಕಿಂಡಿಯ ನೋಟ ಸ್ಥಿರವಾದದ್ದಕ್ಕೆ ನ್ಯಾಯ ಮಾಡುತ್ತದೆ. ನಡುಗುವುದು, ಓಡುವುದು, ಉಸಿರಾಡುವುದು ಅದರಲ್ಲಿ ಮಸುಕಾಗುತ್ತದೆ. ತೀರ ಚುರುಕಾದದ್ದು ಇಲ್ಲವೇ ಇಲ್ಲವಾಗುತ್ತದೆ. ಕಾನೂನು, ಯೋಜನೆ, ಜನಗಣತಿ, ದತ್ತಿನಿಧಿ ಇವೆಲ್ಲ ಇಂಥ ನೋಟಗಳೇ. ಇವಿಲ್ಲದೆ ದೊಡ್ಡ ಸಮಾಜ ಒಂದು ದಿನವೂ ನಡೆಯದು. ಕರೂರಿನ ಸೀಮೆಯನ್ನೇ ನೋಡಿ. 1945ರಲ್ಲಿ ತುಂಗಭದ್ರೆಗೆ ಅಡಿಗಲ್ಲು ಬಿತ್ತು. 1953ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟರು. ಜೋಳ, ಹತ್ತಿ ಬಿತ್ತಿ ಮುಗಿಲು ನೋಡುತ್ತಿದ್ದ ಸಿರುಗುಪ್ಪ ತಾಲ್ಲೂಕು ಭತ್ತದ ಸೀಮೆಯೆಂದು ಹೆಸರಾಯಿತು. ಬರದ ಜಿಲ್ಲೆಗೆ ಅನ್ನ ಕೊಟ್ಟ ಆ ನಕ್ಷೆಯನ್ನು ಬರೆದವರ ದೂರದೃಷ್ಟಿಗೆ ಕೈ ಮುಗಿಯಬೇಕು. ಆದರೆ ಅದೇ ನಕ್ಷೆಯ ಇನ್ನೊಂದು ಮೂಲೆಯಲ್ಲಿ ಸುಮಾರು ತೊಂಬತ್ತು ಹಳ್ಳಿಗಳು ನೀರಿನಡಿ ಸೇರಿದವು. ಐವತ್ತು ಸಾವಿರಕ್ಕೂ ಮೀರಿದ ಜನ ಮನೆ ಬಿಟ್ಟು ಎದ್ದರು. ಅಳತೆಯ ಪುಸ್ತಕದಲ್ಲಿ ಅವರ ಹೊಲದ ಎಕರೆ ಸ್ಫುಟವಾಗಿತ್ತು, ಮನೆಯ ಕಂಬಗಳ ಲೆಕ್ಕ ಸ್ಫುಟವಾಗಿತ್ತು. ಬಾವಿಯ ಹತ್ತಿರ ಕೂತು ಆಡುತ್ತಿದ್ದ ಮಾತು, ಊರದೇವತೆಯ ಜಾತ್ರೆಗೆ ಬರುತ್ತಿದ್ದ ನಂಟರು, ಯಾವ ಮರದಡಿ ಯಾರನ್ನು ಮಣ್ಣು ಮಾಡಿದ್ದು ಎಂಬ ನೆನಪು, ಇವು ಅಳತೆಗೆ ನಿಲ್ಲುವಂಥವಲ್ಲ. ಅತ್ತೆಯ ಗದ್ದೆಗೆ ಬಂದ ನೀರು ಇನ್ಯಾರದೋ ಮಾವನ ಗದ್ದುಗೆಯ ಮೇಲೆ ಹಾದು ಬಂದ ನೀರು.

ಸ್ಥಿರವೆಂದು ನಂಬಿದ್ದೂ ಸ್ಥಿರವಲ್ಲ ಎಂಬುದನ್ನು ಕಾಲ ತೋರಿಸಿತು. 133 ಟಿಎಂಸಿ ಹಿಡಿಯಲೆಂದು ಕಟ್ಟಿದ ಜಲಾಶಯದಲ್ಲಿ ಹೂಳು ತುಂಬಿ, ಈಗ ನಿಲ್ಲುವುದು ಸುಮಾರು 105 ಟಿಎಂಸಿ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋದಾಗ, ಕೆಳಗಿನ ನಾಡಿನ ರೈತರೆಲ್ಲ ತಮ್ಮ ಸಸಿಮಡಿಯನ್ನೂ ಹೊಸಪೇಟೆಯ ಕಡೆಯ ಆಕಾಶವನ್ನೂ ಒಟ್ಟಿಗೇ ನೋಡುತ್ತ ನಿಂತರು. ಎಪ್ಪತ್ತು ವರ್ಷ ಒಂದೇ ಕಡೆ ನಿಂತಿದ್ದ ಸರಪಳಿಯ ಒಂದು ಕೊಂಡಿಯನ್ನು ಹತ್ತಿರದಿಂದ ನೋಡುವ ಕೆಲಸ ಎಷ್ಟು ದೊಡ್ಡದೆಂಬುದು ಆ ರಾತ್ರಿ ಎಲ್ಲರಿಗೂ ತಿಳಿಯಿತು.

ಹಾಗಾದರೆ ದಾರಿ ಯಾವುದು? ನಮ್ಮ ಕಣ್ಣು ಈ ಸಮಸ್ಯೆಯನ್ನು ಹೇಗೆ ಬಿಡಿಸಿಕೊಂಡಿದೆ ನೋಡೋಣ. ಕಣ್ಣು ಕೂಡ ಒಂದು ಸಲಕ್ಕೆ ಒಂದೇ ದೂರವನ್ನು ಹಿಡಿಯಬಲ್ಲದು. ಬೆರಳನ್ನು ಮುಖದ ಮುಂದೆ ಹಿಡಿದು ನೋಡಿದರೆ ಆಚೆಯ ಗೋಡೆ ಮಸುಕು. ಗೋಡೆ ನೋಡಿದರೆ ಬೆರಳು ಮಸುಕು. ಆದರೆ ಕಣ್ಣಿನೊಳಗಿನ ಮಸೂರ ಮೆತ್ತಗಿದೆ; ಸ್ನಾಯು ಅದನ್ನು ಉಬ್ಬಿಸುತ್ತದೆ, ತೆಳುವಾಗಿಸುತ್ತದೆ. ಎಷ್ಟು ಬೇಗ ಎಂದರೆ, ಹತ್ತಿರದಿಂದ ದೂರಕ್ಕೆ ಹೋಗಿ ಬಂದದ್ದೇ ನಮಗೆ ಗೊತ್ತಾಗುವುದಿಲ್ಲ. ಎರಡೂ ಸದಾ ಸ್ಫುಟವೆಂಬ ಭಾವನೆ ಈ ಓಡಾಟದ ಫಲ. ವಯಸ್ಸಾದಂತೆ ಮಸೂರ ಬಿರುಸಾಗುತ್ತದೆ. ನಲವತ್ತರ ಹೊತ್ತಿಗೆ ಪತ್ರಿಕೆಯನ್ನು ತೋಳುದ್ದ ದೂರ ಹಿಡಿಯುವ ಕಾಲ ಬರುತ್ತದೆ. ಅದಕ್ಕೇ ನಮ್ಮವರು ‘ಚಾಳೀಸು’ ಎಂದು ಹೆಸರಿಟ್ಟರು. ಚಾಳೀಸು ಬಂದವನು ದೂರದ ಬಸ್ಸಿನ ಹಲಗೆ ಓದಬಲ್ಲ. ಅಂಗೈಯ ಮೇಲಿನ ಮುಳ್ಳು ಮಾತ್ರ ಕಾಣದು. ಮನಸ್ಸಿಗೂ ಚಾಳೀಸು ಬರುತ್ತದೆ ಎಂದು ನನಗೆ ಅನುಮಾನವಿದೆ. 1993ರಲ್ಲಿ ನನಗೆ ಅದು ಬಂದಿತ್ತು.

ಎಫ್/16ರ ಲೆಕ್ಕದಲ್ಲಿ ನಾನು ಮೇಲೆ ಹೇಳಿದ ಒಂದು ಅಂಶವನ್ನು ಮತ್ತೆ ನೆನಪಿಸುತ್ತೇನೆ. ಸ್ಫುಟತೆ ಶುರುವಾಗುವುದು ಎರಡೂವರೆ ಮೀಟರಿನ ಆಚೆಗೆ. ಅದಕ್ಕಿಂತ ಹತ್ತಿರ ಬಂದವರು, ಎಂದರೆ ಕೈ ಚಾಚಿದರೆ ಸಿಕ್ಕುವವರು, ದಿಗಂತದವರೆಗೂ ಹರಡಿದ ಆ ನೋಟದಲ್ಲಿ ಸೇರುವುದೇ ಇಲ್ಲ. ಅವರಿಗಾಗಿ ಬೇರೆಯಾಗಿಯೇ ನೆಲೆ ಹಿಡಿಯಬೇಕು. ಇನ್ನೊಂದು ಗುಟ್ಟೂ ಇದೆ. ‘ಕಣ್ಣು ಒಪ್ಪುವಷ್ಟು ಸ್ಫುಟ’ ಎಂದೆನಲ್ಲ, ಆ ಒಪ್ಪಿಗೆ ಫೋಟೋದ ಗಾತ್ರದ ಮೇಲೆ ನಿಂತದ್ದು. ಅಂಗೈಯಗಲದ ಪ್ರತಿಯಲ್ಲಿ ಚುಕ್ಕೆಯಂತೆ ಕಂಡದ್ದು, ಗೋಡೆಯಗಲಕ್ಕೆ ಹಿಗ್ಗಿಸಿದರೆ ಮಬ್ಬು ಬಿಲ್ಲೆಯಾಗುತ್ತದೆ. ಎಲ್ಲರಿಗೂ ನ್ಯಾಯ ಮಾಡಿದ್ದೇನೆಂಬ ನಮ್ಮ ತೃಪ್ತಿಯೂ ಬಹುಮಟ್ಟಿಗೆ ಸಣ್ಣ ಪ್ರತಿಯ ತೃಪ್ತಿ. ಯಾರೂ ಅದನ್ನು ಹಿಗ್ಗಿಸಿ ನೋಡದಿರುವವರೆಗೆ ಅದು ಚೆನ್ನಾಗಿರುತ್ತದೆ.

ಇಂದಿನ ಮೊಬೈಲು ಫೋನಿನ ಕ್ಯಾಮರಾದಲ್ಲಿ ಇನ್ನೊಂದು ವಿಚಿತ್ರ ನೋಡುತ್ತೇನೆ. ಅದರ ಮಸೂರ ಬಹಳ ಚಿಕ್ಕದು. ನೆಲೆಯ ದೂರ ಕೆಲವೇ ಮಿಲಿಮೀಟರು. ಆದ್ದರಿಂದ ಅದಕ್ಕೆ ಹತ್ತಿರ ದೂರಗಳೆರಡೂ ಬಹುತೇಕ ತಾವಾಗಿಯೇ ಸ್ಫುಟ. ನಾನು ಸ್ಟೂಲು, ಲೆಕ್ಕದ ಪುಸ್ತಕ ಕೂಡಿಸಿಕೊಂಡು ಮಾಡಿದ್ದನ್ನು ನನ್ನ ಮೊಮ್ಮಗಳು ನಡೆಯುತ್ತ ನಡೆಯುತ್ತ ಮಾಡುತ್ತಾಳೆ. ಆದರೆ ಜನಕ್ಕೆ ಅದು ಬೇಡವಾಗಿದೆ! ಮುಖವೊಂದನ್ನು ಉಳಿಸಿ ಹಿಂದಿನ ಲೋಕವನ್ನೆಲ್ಲ ಲೆಕ್ಕ ಹಾಕಿ ಮಸುಕುಗೊಳಿಸುವ ಏರ್ಪಾಟು ಅದರೊಳಗೇ ಇದೆ, ಅದನ್ನೇ ಚಂದವೆನ್ನುತ್ತಾರೆ. ನಾನು ಅದನ್ನು ಹಳಿಯುವುದಿಲ್ಲ. ಮಗುವಿನ ಮುಖ ನೋಡುವಾಗ ಹಿಂದಿನ ಕಸದ ತೊಟ್ಟಿ ಯಾರಿಗೆ ಬೇಕು? ಆದರೂ ಒಂದು ಮಾತು: ಹಿಂದೆ ನಮಗೆ ದೂರದ್ದು ಕಾಣದಿದ್ದರೆ ಅದು ಗಾಜಿನ ಮಿತಿ. ಈಗ ಎಲ್ಲ ದೇಶಗಳ ದುಃಖವೂ ಅಂಗೈಯಲ್ಲಿ ಸ್ಫುಟವಾಗಿ ಬಂದು ಬೀಳುತ್ತದೆ. ಕಾಣದಂತೆ ಮಾಡಿಕೊಂಡರೆ ಅದು ನಮ್ಮ ಆಯ್ಕೆ. ಆಯ್ಕೆ ಎಂದ ಮೇಲೆ ಅದರ ಹೊಣೆಯೂ ನಮ್ಮದೇ.

ಇಷ್ಟೆಲ್ಲ ಯೋಚಿಸಿ ನಾನು ಮುಟ್ಟಿರುವ ತೀರ್ಮಾನ ಬಹಳ ದೊಡ್ಡದೇನಲ್ಲ. ಹತ್ತಿರವನ್ನೂ ದೂರವನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ಪ್ರಯತ್ನ ಬಿಡಬಾರದು. ಬಿಟ್ಟರೆ ಕಿಲ್ಲಾರಿಯಂಥ ಊರುಗಳಿಗೆ ಯಾರೂ ಇರುವುದಿಲ್ಲ. ಆದರೆ ಚಿತ್ರ ಬಂದ ಮೇಲೆ ಅದರ ಸ್ಫುಟತೆಗೆ ಹಿಗ್ಗಿ ಕೂಡಬಾರದು. ಎಲ್ಲವೂ ಸ್ಫುಟವಾಗಿರುವ ಕಡೆ ಒಂದೇ ಒಂದು ಮಸುಕು ಉಳಿದಿದ್ದರೆ, ಅಲ್ಲಿ ಏನೋ ಅಲುಗಾಡುತ್ತಿದೆ ಎಂದು ಅರ್ಥ. ಅದನ್ನು ದೋಷವೆಂದು ತಳ್ಳದೆ, ಎದ್ದು ಅಲ್ಲಿಗೆ ಹೋಗಿ ಏನೆಂದು ಕೇಳಬೇಕು. ಮತ್ತೆ ದೂರಕ್ಕೆ ಹೋಗಬಹುದು. ಕಣ್ಣು ಹಾಗೆಯೇ ಅಲ್ಲವೆ ಮಾಡುವುದು?

ಲಾರಿಯ ಮುಂಭಾಗದಲ್ಲಿ ಚಾಲಕನ ಪಕ್ಕಕ್ಕೆ ಇಬ್ಬರು ಕೂಡುವ ಜಾಗವಿತ್ತು. ಆ ಬೆಳಿಗ್ಗೆ ಕರೂರಿನಿಂದ ಬಳ್ಳಾರಿಗೆ ಹೋದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಕೂಡ ಖಾಲಿ ಇತ್ತು. ಅತ್ತೆಯನ್ನು ಕೂಡಿಸಿಕೊಂಡು ಹೋಗಿ, ವೈದ್ಯರಿಗೆ ತೋರಿಸಿ, ಮಧ್ಯಾಹ್ನದ ಬಸ್ಸಿಗೆ ಹತ್ತಿಸಿದ್ದರೆ ಲಾರಿ ಅರ್ಧ ದಿನ ತಡವಾಗುತ್ತಿತ್ತು. ಅರ್ಧ ದಿನದಲ್ಲಿ ಕಿಲ್ಲಾರಿಯಲ್ಲಿ ಏನು ಹೆಚ್ಚು ಕಡಿಮೆಯಾಗುತ್ತಿತ್ತೋ ನಾನು ಅರಿಯೆ. ಆ ಲೆಕ್ಕವನ್ನು ನಾನು ಆಗ ಹಾಕಲೇ ಇಲ್ಲ. ನನ್ನ ತಪ್ಪು ಅಷ್ಟೇ.

ಫೋಟೋ ಈಗಲೂ ಮೇಜಿನ ಗಾಜಿನ ಕೆಳಗಿದೆ. ಬಂದವರು ನೋಡಿ, “ಎಷ್ಟು ಸ್ಪಷ್ಟವಾಗಿ ಬಂದಿದೆ, ಆ ಗದ್ದುಗೆ ಕೂಡ!” ಎನ್ನುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಕೈ ಮಾತ್ರ ಅಲ್ಲಾಡಿಬಿಟ್ಟಿದೆ” ಎನ್ನುತ್ತಾರೆ. ನಾನು ಹೌದೆನ್ನುತ್ತೇನೆ. ಈಗೀಗ ಆ ಚಿತ್ರದಲ್ಲಿ ನಾನು ಮೊದಲು ನೋಡುವುದು ಆ ಕೈಗಳನ್ನೇ.